ರಾತ್ರಿ ಎರಡು ಗಂಟೆಗೆ ಭಯ ಬಂದರೆ ಏನು ಮಾಡಬೇಕು

ಅಮ್ಮನ ಬಯಾಪ್ಸಿ ರಿಪೋರ್ಟ್ ಬರಲು 9 ದಿನ ಹಿಡಿಯಿತು. ಹಗಲು ಕೆಲಸದಲ್ಲಿ ಹೇಗೋ ಕಳೆಯುತ್ತಿತ್ತು, ರಾತ್ರಿ ಎಚ್ಚರವಾದರೆ ಮಾತ್ರ ಎದೆ ಡವಡವ. ಅದರ ಮೇಲೆ ಇನ್ನೊಂದು ಕೊರಗು. ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋದವಳು ಇಷ್ಟು ಹೆದರುತ್ತೇನೆ ಅಂದರೆ ನನ್ನ ವಿಶ್ವಾಸವೇ ಸುಳ್ಳಾ ಅಂತ. ನಿಮಗೂ ಹಾಗೆ ಅನ್ನಿಸುತ್ತಿದ್ದರೆ ಇದನ್ನು ಓದಿ.

ಮೊದಲು ಆ ಕೊರಗನ್ನು ಬಿಡಿ. ಬೈಬಲಿನ 56ನೇ ಕೀರ್ತನೆ ಬರೆದವನು ತನಗಾದ ಭಯವನ್ನು ಮುಚ್ಚಿಡುವುದಿಲ್ಲ, ಭಯವಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಕಳವಳಪಟ್ಟ, ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದಾಟಿಹೋಗಲಿ ಅಂತ ಬೇಡಿಕೊಂಡ. ಹೆದರುವುದು ಪಾಪವಲ್ಲ.

ಆಮೇಲೆ ಭಯಕ್ಕೆ ಹೆಸರಿಟ್ಟು ಬಾಯಿಬಿಟ್ಟು ಹೇಳಿ. ಸುಮ್ನೆ ‘ದೇವರೇ ಕಾಪಾಡು’ ಅಂದರೆ ನನಗಂತೂ ಮನಸ್ಸು ಹಗುರವಾಗಲಿಲ್ಲ. ‘ತಂದೆಯೇ, ಕ್ಯಾನ್ಸರ್ ಅಂತ ಬಂದರೆ ದುಡ್ಡು ಎಲ್ಲಿಂದ ತರಲಿ, ಅಮ್ಮ ಇಲ್ಲದ ಮನೆಗೆ ನಾನು ಹೇಗೆ ಹೋಗಲಿ’ ಅಂದ ರಾತ್ರಿ ಅಳು ಬಂತು, ಅತ್ತ ಮೇಲೆ ಉಸಿರು ಸಡಿಲವಾಯಿತು. ಜೋರಾಗಿ ಕೇಳಿದರೆ ದೇವರಿಗೆ ಕೋಪ ಬರುತ್ತೆ ಅಂದುಕೊಳ್ಳಬೇಡಿ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ಶಿಷ್ಯರು ಮಲಗಿದ್ದ ಯೇಸುವನ್ನು ಎಬ್ಬಿಸಿ, ನಾವು ಸಾಯುತ್ತಿದ್ದರೂ ನಿನಗೆ ಚಿಂತೆ ಇಲ್ಲವಾ ಅಂತ ಕೇಳಿಯೇಬಿಟ್ಟರು. ಆತನು ಮೊದಲು ಗಾಳಿಯನ್ನು ಸುಮ್ಮನಾಗಿಸಿದ, ಯಾಕೆ ಹೆದರುತ್ತೀರಿ ಅಂತ ಕೇಳಿದ್ದು ಆಮೇಲೆ.

ಈಗ 23ನೇ ಕೀರ್ತನೆ ತೆಗೆಯಿರಿ. ಬಾಯಿಪಾಠ ಬಂದರೂ ನೋಡಿಕೊಂಡೇ ಓದಿ, ನಿಧಾನವಾಗಿ. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಹಸುರು ಹುಲ್ಲು, ನೀರು, ಎಲ್ಲಾ ಚೆನ್ನಾಗಿರುವಾಗ ದೇವರ ಬಗ್ಗೆ ಆಡುವ ಮಾತು. ನಾಲ್ಕನೇ ವಚನದಲ್ಲಿ ಕತ್ತಲ ಕಣಿವೆ ಬರುತ್ತೆ, ಅಲ್ಲಿಂದ ‘ನೀನು’ ಶುರುವಾಗುತ್ತೆ. ಎಷ್ಟೋ ವರ್ಷ ಹೇಳಿಕೊಂಡು ಬಂದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ‘ನೀನು’ ಅನ್ನುವಲ್ಲಿ ನಿಲ್ಲಿ. ನಿದ್ದೆ ಬರುವ ತನಕ ಅಲ್ಲೇ ಇದ್ದರೂ ಸಾಕು.

ಉಪವಾಸ ಮಾಡಬೇಕು ಅನ್ನಿಸಬಹುದು, ಆದರೆ ಭಯದಿಂದ ಊಟವೇ ಸೇರದಿದ್ದಾಗ ನನ್ನ ಪ್ರಕಾರ ಅದು ಬೇಡ. ರಾಣಿ ಯೆಜೆಬೇಲಳ ಬೆದರಿಕೆಗೆ ಓಡಿಹೋದ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿ ಸಾವು ಕೇಳಿದಾಗ ದೇವದೂತ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟಕ್ಕೆ 40 ದಿನದ ದಾರಿ, ದೇವರ ಮೆಲುದನಿ, ಎಲ್ಲಾ ಊಟ ನಿದ್ದೆ ಆದ ಮೇಲೆ. ಒಂದು ತುತ್ತು ಮೊಸರನ್ನವಾದರೂ ತಿನ್ನಿ.

ಒಬ್ಬರೇ ಇರಬೇಡಿ. ಯೇಸುವೂ ಗೆತ್ಸೇಮನೆಯ ಆ ರಾತ್ರಿ ಮೂವರು ಶಿಷ್ಯರನ್ನು ಹತ್ತಿರ ಕರೆದುಕೊಂಡು ಹೋಗಿದ್ದ, ಅಲ್ವಾ? ಪ್ರಾರ್ಥನೆ ಕೂಟದಲ್ಲಿ ಎಲ್ಲರೆದುರು ಹೇಳಲು ಸಂಕೋಚವಾದರೆ ಒಬ್ಬರಿಗೆ ಹೇಳಿ. ವಾರಗಟ್ಟಲೆ ನಿದ್ದೆ ಇಲ್ಲ, ಉಸಿರು ಕಟ್ಟುತ್ತೆ ಅಂದರೆ ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದರಿಂದ ವಿಶ್ವಾಸ ಕಮ್ಮಿಯಾಗುವುದಿಲ್ಲ.

ಮುಂದಿನ ತಿಂಗಳು ಅಮ್ಮನಿಗೆ ಮತ್ತೆ ಸ್ಕ್ಯಾನ್ ಇದೆ. ಭಯ ಬರುತ್ತೆ ಅಂತ ಗೊತ್ತು. ದೊಡ್ಡಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಎಷ್ಟು ಹೊತ್ತಾದರೂ ಫೋನ್ ಮಾಡ್ತೀನಿ ಅಂತ. ‘ಮಾಡು ಮಗಳೇ, ಇಬ್ಬರೂ ಓದೋಣ’ ಅಂದಿದ್ದಾರೆ.