ಒದ್ದೆ ಟೆಂಟ್ ಅಟ್ಟಕ್ಕೇರಬಾರದು

ಕಳೆದ ವಾರ ಗಣೇಶಗುಡಿಯಿಂದ ಬಂದವರೇ ಸ್ನಾನಕ್ಕೂ ಹೋಗದೆ ಮಹಡಿಯ ಮೇಲೆ ಟೆಂಟ್ ಹರವಿದೆವು. ಪಕ್ಕದ ಮನೆಯಾಕೆ ತಮ್ಮ ಮಹಡಿಯಿಂದಲೇ, "ಏನು ಟೀಚರ್, ನಿವೃತ್ತಿಯಾದ ಮೇಲೆ ಹಪ್ಪಳದ ವ್ಯಾಪಾರವೇ?" ಎಂದು ನಕ್ಕರು. ಹಪ್ಪಳಕ್ಕೆ ಕೊಡುವ ಬಿಸಿಲನ್ನು ಟೆಂಟಿಗೆ ಕೊಡಬಾರದು, ಅದಕ್ಕೇ ನೀರಿನ ಟ್ಯಾಂಕಿನ ನೆರಳಿಗೆ ಹಾಕಿದ್ದೇನೆ ಎಂದೆ. ಆಕೆಗೆ ಅರ್ಥವಾಗಲಿಲ್ಲ. ಅವರ ಮಗನೂ ಈ ಡಿಸೆಂಬರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಕಾಳಿ ನದಿಯ ದಡಕ್ಕೆ ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳ ಹಿಂದೆ ಕೊಂಡ ನಮ್ಮ ಮೊದಲ ನೈಲಾನ್ ಟೆಂಟ್ ಯಾವ ಮಳೆಗೂ ಸೋತಿರಲಿಲ್ಲ. ದೀಪಾವಳಿ ರಜೆಯಲ್ಲಿ ತೀರ್ಥಹಳ್ಳಿಯ ಕಡೆ, ಪರಿಚಯದವರ ತೋಟದಂಚಿನಲ್ಲಿ, ತುಂಗೆಯ ಸದ್ದು ಕೇಳುವಷ್ಟು ಹತ್ತಿರ ಹಾಕಿದ್ದೆವು. ಹೊರಡುವ ದಿನ ಬಸ್ಸಿನ ಅವಸರ. ಬೆಳಗಿನ ಇಬ್ಬನಿಯ ಸಮೇತ ಸುತ್ತಿ ತಂದು ಅಟ್ಟಕ್ಕೆ ಎಸೆದೆವು. ಬೇಸಿಗೆಯಲ್ಲಿ ಬಿಚ್ಚಿ ನೋಡಿದರೆ ಮುಗ್ಗಲು ವಾಸನೆ, ಬಟ್ಟೆಯ ತುಂಬ ಕಪ್ಪು ಚುಕ್ಕೆ, ನೀರು ತಡೆಯುವ ಒಳಗಿನ ಲೇಪವೆಲ್ಲ ಹಲಸಿನ ಮೇಣದ ಹಾಗೆ ಅಂಟಂಟು. ಎಣ್ಣೆ ಹಚ್ಚಿದರೆ ಹಲಸಿನ ಮೇಣವಾದರೂ ಬಿಡುತ್ತದೆ, ಇದು ಯಾವುದಕ್ಕೂ ಬಗ್ಗಲಿಲ್ಲ. ಕೊಡೆಯನ್ನು ಬಿಡಿಸಿ ಒಣಗಿಸದೆ ಮೂಲೆಗಿಡದ ನಾನು ಅಷ್ಟು ದುಡ್ಡಿನ ಟೆಂಟಿಗೆ ಹಾಗೆ ಮಾಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಗೈಡ್ ಕ್ಯಾಪ್ಟನ್ ಆಗಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳು ಬೇರೆ!

ಹೊಸ ಟೆಂಟ್ ತಂದರೆ ಕಾಡಿಗೆ ಒಯ್ಯುವ ಮುಂಚೆ ಒಮ್ಮೆ ಅಂಗಳದಲ್ಲೋ ಮಹಡಿಯಲ್ಲೋ ನಿಲ್ಲಿಸಿ ನೋಡಿ. ಎರಡು ಬಿಂದಿಗೆ ನೀರು ಸುರಿದರೆ ಯಾವ ಹೊಲಿಗೆ ಸೋರುತ್ತದೆ ಎಂಬುದು ತಿಳಿಯುತ್ತದೆ. ಜಿಪ್ ಬಿಗಿಯಾಗಿದ್ದರೆ ಮೇಣದಬತ್ತಿಯನ್ನು ಅದರ ಹಲ್ಲುಗಳ ಮೇಲೆ ಎರಡು ಸಲ ತಿಕ್ಕಿ. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ, ಆ ಸಂಖ್ಯೆಯನ್ನು ಚೀಲದ ಮೇಲೇ ಬರೆಯಿರಿ. ಕಳೆದುಹೋದ ಒಂದು ಗೂಟಕ್ಕಾಗಿ ಕತ್ತಲಲ್ಲಿ ಹುಲ್ಲು ತಡಕಿದವರಿಗೆ ಇದರ ಬೆಲೆ ಗೊತ್ತು.

ಎಲ್ಲಿ ಹಾಕಬೇಕು ಎಂಬ ಮಾತಿಗೆ ಬರುತ್ತೇನೆ. ಅಭಯಾರಣ್ಯದೊಳಗೆ ಮನಸ್ಸು ಬಂದ ಕಡೆ ಟೆಂಟ್ ಹಾಕುವಂತಿಲ್ಲ. ಕಾವೇರಿಯ ದಡದ ಭೀಮೇಶ್ವರಿ, ಗಾಳಿಬೋರೆಯಂಥ ಶಿಬಿರಗಳಲ್ಲಿ ನಮಗಾಗಿ ನಿಲ್ಲಿಸಿದ ಟೆಂಟ್‌ಗಳೇ ಇರುತ್ತವೆ. ಮೊಣಕಾಲು ನೋವಿನ ನಮ್ಮಂಥವರಿಗೆ ಅವುಗಳಲ್ಲಿ ಮಂಚ ಇರುವುದೇ ದೊಡ್ಡ ಸಮಾಧಾನ. ಸ್ವಂತ ಟೆಂಟ್ ಒಯ್ಯುವವರು ಹೋಂಸ್ಟೇಯವರು ಗೊತ್ತುಮಾಡಿದ ಜಾಗದಲ್ಲಿ ಹಾಕಿಕೊಳ್ಳಬೇಕು. ಅಲ್ಲಿಯೂ ಹುಡುಗರ ಕಣ್ಣು ನೀರಿನಂಚಿನ ನುಣ್ಣನೆಯ ಮರಳಿನ ಮೇಲೇ ಹೋಗುತ್ತದೆ. ಆ ಮರಳನ್ನು ನೀರೇ ತಂದು ಹರವಿದೆ, ಮತ್ತೆ ಬಂದು ಒಯ್ಯುವುದೂ ಅದಕ್ಕೆ ಗೊತ್ತು. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ನೆತ್ತಿಯ ಮೇಲಿದ್ದಂತೆ. ಅಲ್ಲಿಂದ ನೀರು ಬಿಟ್ಟರೆ ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಹೊಳೆ ಏರುತ್ತದೆ. ದಡದ ಪೊದೆಗಳನ್ನು ನೋಡಿ: ಕೊಂಬೆಗಳಲ್ಲಿ ಒಣಹುಲ್ಲು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿರುತ್ತವೆ. ಹಿಂದೆ ನೀರು ಅಷ್ಟು ಎತ್ತರಕ್ಕೆ ಬಂದಿತ್ತು ಎಂದು ಹೊಳೆಯೇ ಬರೆದಿಟ್ಟ ಗುರುತು ಅದು. ಅದಕ್ಕಿಂತ ಮೇಲಕ್ಕೆ, ಇನ್ನೂ ನಾಲ್ಕು ಮಾರು ಹಿಂದಕ್ಕೆ ಹೋಗಿ. ಕಾಳಿಯಲ್ಲೂ ಕಾವೇರಿಯಲ್ಲೂ ಮೊಸಳೆಗಳಿವೆ ಎಂಬುದನ್ನು ಸೇರಿಸಿದರೆ ದೂರವಿರುವುದಕ್ಕೆ ಎರಡನೆಯ ಕಾರಣವೂ ಆಯಿತು. ಪಾತ್ರೆ ತೊಳೆಯುವ ನೆಪದಲ್ಲಿ ಮುಸ್ಸಂಜೆ ನೀರಿನಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಡಿ. ಬಕೆಟ್‌ನಲ್ಲಿ ನೀರು ತಂದು ನೂರು ಹೆಜ್ಜೆ ಆಚೆ ತೊಳೆದರೆ ಸೋಪಿನ ನೊರೆಯೂ ಹೊಳೆ ಸೇರುವುದಿಲ್ಲ.

ಆಮೇಲೆ ತಲೆಯೆತ್ತಿ ಮರ ನೋಡಿ. ಹೊಳೆಮತ್ತಿಯ ನೆರಳು ಎಷ್ಟು ತಂಪಾಗಿದ್ದರೂ ಒಣಗಿದ ಕೊಂಬೆ ತೂಗುತ್ತಿದ್ದರೆ ಅದರ ಕೆಳಗೆ ಮಲಗಬಾರದು. ಹೆಜ್ಜೇನಿನ ಗೂಡು ಕಂಡರೆ ಆ ಮರದ ಹತ್ತಿರ ಒಲೆಯ ಹೊಗೆಯಂತೂ ಬೇಡವೇ ಬೇಡ.

ಮರಳು ಮಿಶ್ರಿತ ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಅಕ್ಕಿಯ ಹಳೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತುಬಿಟ್ಟರೆ ಗಾಳಿಗೂ ಜಗ್ಗದು. ನಮ್ಮ ಕಾಲದ ಕ್ಯಾನ್ವಾಸ್ ಟೆಂಟಿನ ಹತ್ತಿ ಹಗ್ಗ ನೆನೆದರೆ ಬಿಗಿಯುತ್ತಿತ್ತು. ರಾತ್ರಿ ಗೂಟ ಕಿತ್ತು ಬರದಿರಲೆಂದು ಸಂಜೆ ಅದನ್ನು ತುಸು ಸಡಿಲಿಸುತ್ತಿದ್ದೆವು. ನೈಲಾನಿನ ಗುಣ ತದ್ವಿರುದ್ಧ, ನೆನೆದರೆ ಸಡಿಲಾಗಿ ಜೋತುಬೀಳುತ್ತದೆ. ಹಾಗಾಗಿ ಮಲಗುವ ಮುನ್ನ ಒಮ್ಮೆ ಎಳೆದು ಬಿಗಿಮಾಡಿ. ನನ್ನ ಹಳೆಯ ಪಾಠವನ್ನೇ ಹೊಸ ಟೆಂಟಿಗೂ ಹಚ್ಚಿ ಒಮ್ಮೆ ಮಧ್ಯರಾತ್ರಿ ಒದ್ದೆ ಬಟ್ಟೆ ಮುಖಕ್ಕೆ ತಾಗಿ ಎದ್ದಿದ್ದೇನೆ. ಇನ್ನು ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಒಂದು ಗೇಣು ಚಿಕ್ಕದಿರಲಿ. ಹೊರಗೆ ಚಾಚಿಕೊಂಡರೆ ಮಳೆನೀರು ಅದರ ಮೇಲೆ ಬಿದ್ದು, ಜಾರಿ ನಿಮ್ಮ ಬೆನ್ನಡಿಗೇ ಬರುತ್ತದೆ.

ಬೆಳಗ್ಗೆ ಒಳಗೋಡೆಯ ಮೇಲೆ ಹನಿ ಕಂಡು "ಟೆಂಟ್ ಸೋರುತ್ತಿದೆ" ಎಂದು ಬಹಳ ಜನ ಅಂಗಡಿಯವನನ್ನು ಬೈಯುತ್ತಾರೆ. ಅದು ನಮ್ಮದೇ ಉಸಿರಿನ ನೀರು. ನಾಲ್ಕು ಜನ ರಾತ್ರಿಯಿಡೀ ಉಸಿರಾಡಿದ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಹಾಗೆ. ಚಳಿಯೆಂದು ಎಲ್ಲ ಜಿಪ್ ಎಳೆದು ಮುಚ್ಚಿಕೊಂಡಷ್ಟೂ ಹೆಚ್ಚು. ಸೊಳ್ಳೆಪರದೆ ಹಾಕಿ ಮೇಲಿನ ಕಿಂಡಿಗಳನ್ನು ತೆರೆದಿಡಿ, ಒದ್ದೆ ಟವೆಲ್ಲು ಒಳಗೆ ತರಬೇಡಿ. ಚಳಿಗೆ ಮದ್ದು ಬೆನ್ನಡಿಯಲ್ಲಿದೆ. ನೆಲವೇ ಮೈಯ ಬಿಸಿಯನ್ನು ಹೀರುವುದರಿಂದ ಮೇಲೆ ಎರಡು ಹೊದೆಯುವ ಬದಲು ಚಾಪೆಯ ಮೇಲೆ ಒಂದು ಕಂಬಳಿ ಹಾಸಿ ನೋಡಿ. ಕುರಿಯುಣ್ಣೆಯ ಕಂಬಳಿ ತುಸು ತೇವವಾದರೂ ಬೆಚ್ಚಗಿರುತ್ತದೆ, ಹತ್ತಿಯ ರಜಾಯಿಗೆ ಆ ಗುಣವಿಲ್ಲ. ಮಕ್ಕಳಿಗೆ ಮಲಗುವಾಗ ಒಣಗಿದ ಕಾಲುಚೀಲ ಹಾಕಿಸಿ. ಹೊರಗೆ ಬಿಟ್ಟ ಶೂಗಳನ್ನು ಬೆಳಗ್ಗೆ ಕೊಡವದೆ ಕಾಲಿಡಬೇಡಿ, ಚೇಳಿಗೂ ಬೆಚ್ಚನೆಯ ಜಾಗ ಬೇಕು.

ಊಟದ ವಿಷಯದಲ್ಲಿ ನನ್ನ ಸೊಸೆಗೂ ನನಗೂ ಪ್ರತಿ ಸಲ ಜಟಾಪಟಿ. ಅವಳಿಗೆ ಅಲ್ಲಿ ಕೂತು ತರಕಾರಿ ಹೆಚ್ಚಿ ಪಲಾವ್ ಮಾಡುವ ಹಂಬಲ. ನಾನು ಹುರಿದ ರವೆಗೆ ಒಗ್ಗರಣೆ ಸೇರಿಸಿ ಡಬ್ಬಿಗೆ ತುಂಬಿಡುತ್ತೇನೆ, ಕುದಿನೀರಿಗೆ ಸುರಿದರೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿಗೆ ಕುಟ್ಟಿದ ಅವಲಕ್ಕಿ, ಹುರಿಹಿಟ್ಟು ಇದ್ದರೆ ಎರಡು ದಿನ ಹೇಗೆ ಹೋಯಿತು ಎಂದೇ ತಿಳಿಯುವುದಿಲ್ಲ. ಬಾಳೆಗೊನೆ, ಹಲಸಿನ ತೊಳೆ ಒಯ್ಯಬೇಡಿ. ಕಾವೇರಿಯ ಕಡೆ ಸಂಜೆ ನೀರಿಗೆ ಬರುವ ಆನೆಗೆ ಆ ವಾಸನೆ ಬಹಳ ದೂರಕ್ಕೆ ಹೋಗುತ್ತದೆ. ಕೋತಿಗೆ ಜಿಪ್ ಎಳೆಯಲು ಬರುತ್ತದೆ, ನನ್ನ ಕಣ್ಣಾರೆ ನೋಡಿದ್ದೇನೆ. ಎರಡು ಜಿಪ್ಪಿನ ಬಾಯಿ ಸೇರಿಸಿ ದಾರದಿಂದ ಕಟ್ಟಿ, ತಿಂಡಿಯ ಡಬ್ಬಿಗಳನ್ನು ಕಾರಿನೊಳಗೇ ಇಡಿ.

ಶಿಬಿರದವರು ಸೌದೆ ಒಲೆಗೆ ಜಾಗ ಕೊಟ್ಟಿದ್ದರೆ ಪಾತ್ರೆಯ ತಳಕ್ಕೆ ಹೊರಗಿನಿಂದ ಒದ್ದೆ ಬೂದಿಯನ್ನು ತೆಳುವಾಗಿ ಬಳಿದು ಒಲೆಗಿಡಿ. ಮಸಿ ಬೂದಿಗೆ ಹಿಡಿಯುತ್ತದೆ, ಆಮೇಲೆ ನಾರಿನಿಂದ ಒಂದು ಸಲ ಉಜ್ಜಿದರೆ ಸಾಕು. ನನ್ನ ಅಮ್ಮ ಮದುವೆಮನೆಯ ಹಂಡೆಗಳಿಗೂ ಹೀಗೇ ಮಾಡುತ್ತಿದ್ದರು. ಕಾಡಿನಿಂದ ಸೌದೆ ಆಯಬೇಡಿ, ಕೇಳಿ ತೆಗೆದುಕೊಳ್ಳಿ.

ಮಲೆನಾಡಿನ ಕಡೆ ಹೋಗುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಮಳೆಗಾಲದ ಉಂಬಳಕ್ಕೆ ಎಲ್ಲರೂ ಹೆದರುತ್ತಾರೆ, ಅದಕ್ಕೆ ಸುಣ್ಣವೋ ಉಪ್ಪೋ ಸಾಕು. ಚಳಿಗಾಲದಿಂದ ಬೇಸಿಗೆಯವರೆಗಿನ ಉಣ್ಣೆಹುಳಕ್ಕೆ ಯಾರೂ ಹೆದರುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಾಯಿತು, ಇಂದಿಗೂ ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಕಾಣಿಸಿಕೊಳ್ಳುತ್ತದೆ, ಹರಡುವುದು ಈ ಹುಳದಿಂದಲೇ. ಉದುರಿದ ತರಗೆಲೆಯ ಮೇಲೆ ಏನೂ ಹಾಸದೆ ಕೂರಬೇಡಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಸಂದಿಯಲ್ಲಿ ತಡವಿ ನೋಡಿ. ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮರಳಿದ ಒಂದೆರಡು ವಾರದಲ್ಲಿ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ. ಹಾವಿನ ವಿಷಕ್ಕೆ ಔಷಧ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಹೊರಡುವ ಮುಂಚೆಯೇ ಕೇಳಿ ಬರೆದುಕೊಳ್ಳಿ. ಅಲ್ಲಿ ಮೊಬೈಲ್‌ಗೆ ಸಿಗ್ನಲ್ ಹುಡುಕುವ ಹೊತ್ತಿಗೆ ಸಮಯ ಮೀರಿರುತ್ತದೆ.

ಮನೆಗೆ ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ಟೆಂಟ್ ಬಿಚ್ಚಿ. ತಳ ಮೇಲೆ ಮಾಡಿ ಮರಳು ಕೊಡವಿ, ಕೊಳೆಯಿದ್ದ ಕಡೆ ಮಾತ್ರ ಮೆತ್ತನೆಯ ಬಟ್ಟೆಗೆ ತುಸು ಮೈಸೋಪು ಹಚ್ಚಿ ಒರೆಸಿ. ವಾಷಿಂಗ್ ಮಷೀನಿಗೆ ಹಾಕಿದರೆ ಲೇಪ ಕಿತ್ತುಬರುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಎರಡು ದಿನ ಒಣಗಲಿ. ಹೊಲಿಗೆಗಳು ಕೊನೆಗೆ ಒಣಗುವುದರಿಂದ ಬೆರಳಿನಿಂದ ಅಲ್ಲೇ ಮುಟ್ಟಿ ನೋಡಿ. ಅಂಗಡಿಯಿಂದ ಬಂದ ಬಿಗಿ ಚೀಲಕ್ಕೆ ತುರುಕದೆ ಹಳೆಯ ದಿಂಬಿನ ಚೀಲದೊಳಗೆ ಸಡಿಲವಾಗಿ ಹಾಕಿ ಕಪಾಟಿನಲ್ಲಿಡುತ್ತೇನೆ. ಈ ಸಲ ಎಣಿಸಿದಾಗ ಹನ್ನೆರಡು ಗೂಟಗಳಲ್ಲಿ ಹನ್ನೊಂದೇ ಇದ್ದವು. ಹನ್ನೆರಡನೆಯದನ್ನು ಮೊಮ್ಮಗ ಮಂಗಟ್ಟೆ ಹಕ್ಕಿಯ ಗರಿಗಳ ಜೊತೆ ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಗೂಟವನ್ನು ನಾನು ತೆಗೆದುಕೊಂಡೆ. ಕಾಡಿನಿಂದ ಗರಿಯನ್ನೂ ತರಬಾರದು ಎಂದು ಅವನಿಗೆ ಹೇಳುವುದು ಇನ್ನೂ ಬಾಕಿಯಿದೆ.