ಹಳೇ ಮರದ ಕುದುರೆಗೆ ನೀರು ಮುಟ್ಟಿಸುವ ಮುನ್ನ

ಯುಗಾದಿಗೆ ಮನೆ ತೊಳೆಯುವ ದಿನ ಅಟ್ಟದಿಂದ ಏನೇನೋ ಇಳಿಯುತ್ತದೆ. ಹಳೇ ಸೇರು, ಕಾಲು ಮುರಿದ ತೊಟ್ಟಿಲು, ಜೊತೆಗೆ ಒಂದು ಮರದ ಕುದುರೆಯೋ ಬಸವಣ್ಣನೋ ಗಿಳಿಯೋ. ತಾಮ್ರದ ಹಂಡೆಯ ಪಕ್ಕದಲ್ಲೇ ಅದನ್ನೂ ಕೂರಿಸಿ, ನಲ್ಲಿ ಕೆಳಗೆ ಹಿಡಿದು ತಿಕ್ಕಿಬಿಡುತ್ತೇವೆ. ಮೂರು ತಲೆಮಾರು ಉಳಿದ ಬಣ್ಣ ಹತ್ತು ನಿಮಿಷದಲ್ಲಿ ಬಚ್ಚಲು ಸೇರುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಚಿತ್ರದುರ್ಗದ ಕಡೆಯ ಹಳ್ಳಿಯಿಂದ, ಅಜ್ಜಿಯ ಸಾಮಾನಿನ ಜೊತೆ ದಾವಣಗೆರೆಗೆ ಬಂದ ಗೇಣುದ್ದದ ಕುದುರೆ ಅದು. ಬೆನ್ನ ಮೇಲೆ ಕೆಂಪು ಜೀನು, ಕತ್ತಿಗೆ ಹಳದಿ ಗೆಜ್ಜೆಸರ. ಧೂಳು ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಹಳದಿ ಹತ್ತಿತು. ನೋಡಿದರೆ ಗೆಜ್ಜೆಸರದಲ್ಲಿ ಗಂಟಲ ಕೆಳಗಿನ ಮೂರು ಗೆಜ್ಜೆ ಮಾತ್ರ ಉಳಿದಿದ್ದವು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಅಂತ ಆಮೇಲೆ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಗುರುತಿಸಿ

ಗೊಂಬೆಯನ್ನು ಕಾಲು ಹಿಡಿದು ಎತ್ತಬೇಡಿ. ಕಿವಿ, ಬಾಲ, ಕಾಲು ಬೇರೆ ಮಾಡಿ ಅಂಟಿಸಿರಬಹುದು. ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ, ಹಳೇ ಸೀರೆಯ ಮೇಲೆ ಮಲಗಿಸಿ. ಈಗ ಹೊಟ್ಟೆಯಡಿ, ಪಾದದಡಿ ನೋಡಿ. ಬಣ್ಣ ಮುಟ್ಟದ ಜಾಗ ಅಲ್ಲೇ ಸಿಗುವುದು. ಉಳಿಯ ಏಟಿನ ಗುರುತೂ ಅಲ್ಲೇ ಚೆನ್ನಾಗಿ ಕಾಣುವುದು.

ನಮ್ಮ ಕಡೆ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ. ಒಂದು, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳ ಥರದ್ದು. ಹಗುರ ಮರ, ಮೇಲೆ ದಪ್ಪ ಲೇಪ, ಅದರ ಮೇಲೆ ಬಣ್ಣ. ಆ ಲೇಪದಲ್ಲಿ ಹುಣಸೆ ಬೀಜದ ಅಂಟು ಇರುತ್ತದೆ. ನೀರು ಕಂಡರೆ ಆ ಅಂಟು ಉಬ್ಬಿ ಸಡಿಲವಾಗುತ್ತದೆ, ಬಣ್ಣ ಎದ್ದು ಬರುತ್ತದೆ. ನನ್ನ ಕುದುರೆಗೆ ಆಗಿದ್ದು ಇದೇ.

ಎರಡನೆಯದು ಚನ್ನಪಟ್ಟಣದ್ದು. ಅದು ಉಳಿಯಲ್ಲಿ ಕೆತ್ತಿದ್ದಲ್ಲ, ಲೇತ್‌ನಲ್ಲಿ ಕಡೆದದ್ದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಬಿಸಿಯೂ ಆಗದು, ಸ್ಪಿರಿಟ್ಟೂ ಆಗದು. ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಕಿತ್ತುಹೋಗುತ್ತದೆ.

ಮೂರನೆಯದು ಬಣ್ಣವಿಲ್ಲದ ಮರ. ಸಾಗುವಾನಿ, ಬೀಟೆ, ಬೇವು. ಹಳೇ ಬಾಗಿಲವಾಡದ ಗಿಳಿ, ತೇರಿನಿಂದ ಕಳಚಿದ ಆನೆ, ಇಂಥವು.

ಹುಳ ಇದೆಯಾ ನೋಡಿ

ಗುಂಡುಸೂಜಿ ತಲೆಯಷ್ಟು ತೂತುಗಳಿದ್ದರೆ ಗಾಬರಿ ಬೇಡ. ಹುಳ ತಿಂದು ಹೋಗಿ ಎಷ್ಟೋ ವರ್ಷ ಆಗಿರಬಹುದು. ಬಿಳಿ ಬಟ್ಟೆಯ ಮೇಲೆ ಒಂದೆರಡು ವಾರ ಅಲುಗಾಡಿಸದೆ ಇಡಿ. ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಕುಟ್ಟೆಹುಳ ಒಳಗೇ ಇದೆ ಎಂದರ್ಥ. ಅದನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ.

ಸೀಮೆಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ಅದರಿಂದ ಬಣ್ಣ ಕಲೆಗಟ್ಟುತ್ತದೆ, ಬೆಂಕಿಯ ಭಯ ಬೇರೆ. ಬಣ್ಣವಿಲ್ಲದ ಚಿಕ್ಕ ಗೊಂಬೆಗೆ ಮ್ಯೂಸಿಯಂನವರ ದಾರಿ ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಗಿಂತ ತಣ್ಣಗಿರುವ ಡೀಪ್ ಫ್ರೀಜರ್‌ನಲ್ಲಿ 2 ವಾರ ಇಡಬೇಕು. ಮನೆಯ ಸಿಂಗಲ್ ಡೋರ್ ಫ್ರಿಜ್ ಸಾಲದು. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ. ತೇವ ಚೀಲದ ಹೊರಗೆ ಕೂರಲಿ, ಮರದ ಮೇಲೆ ಬೇಡ. ಬಣ್ಣದ ಗೊಂಬೆಗೆ ಇದನ್ನು ಮನೆಯಲ್ಲಿ ಮಾಡಲೇಬೇಡಿ.

ಧೂಳು ತೆಗೆಯುವುದು

ಚಿತ್ರದುರ್ಗದ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ. ಅದು ತರುವ ಧೂಳಿನಲ್ಲಿ ಸಣ್ಣ ಮರಳಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದ ತಿಕ್ಕಿದ ಹಾಗೆ. ಅದಕ್ಕೇ ಬಟ್ಟೆ ಬೇಡ. ಮಕ್ಕಳ ವಾಟರ್ ಕಲರ್ ಬ್ರಷ್ ತೊಗೊಳ್ಳಿ, ಮೆತ್ತನೆಯ ಅಗಲವಾದದ್ದು. ಬೆಳಕಿಗೆ ಕೂತು, ಮೇಲಿನಿಂದ ಕೆಳಕ್ಕೆ, ಬಣ್ಣ ತಾಗಿಯೂ ತಾಗದ ಹಾಗೆ ಧೂಳು ತಳ್ಳಿ. ಕಿವಿಯ ಸಂದು, ಜೀನಿನ ಅಂಚು, ಗೊರಸಿನ ಸೀಳು, ಇಲ್ಲೆಲ್ಲ ನಿಧಾನ ಬೇಕು. ಗೇಣುದ್ದದ ಕುದುರೆಗೆ ಒಂದು ಗಂಟೆ ಹಿಡಿದರೂ ಹಿಡಿಯಲಿ. ಬಣ್ಣದ ಚಕ್ಕೆ ಏಳುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ.

ಬಣ್ಣದ ಗೊಂಬೆಯ ಕೆಲಸ ಇಲ್ಲಿಗೆ ಮುಗಿಯಿತು. ಹೊಗೆ ಹಿಡಿದು ಮಂಕಾಗಿದ್ದರೂ ಹಾಗೇ ಬಿಡಿ.

ಅರಗಿನದ್ದಕ್ಕೆ ಹೀಗೆ ಬ್ರಷ್‌ನಲ್ಲಿ ಧೂಳು ತೆಗೆದ ಮೇಲೆ ಒಣ ಹತ್ತಿ ಬಟ್ಟೆ ಸಾಕು. ಬಣ್ಣವಿಲ್ಲದ ಮರದಲ್ಲಿ ಜಿಡ್ಡಿದ್ದರೆ ಹತ್ತಿ ಸುತ್ತಿದ ಕಡ್ಡಿಯನ್ನು ನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಪಾದದಡಿ ಒಮ್ಮೆ ತಿಕ್ಕಿ ನೋಡಿ. ತೊಂದರೆ ಇಲ್ಲ ಅಂದರೆ ರೂಪಾಯಿ ನಾಣ್ಯದಷ್ಟು ಜಾಗ ಒರೆಸಿ, ಒಣಗಿಸಿ, ಮುಂದಿನದ್ದಕ್ಕೆ ಹೋಗಿ. ಕೈ ತಾಗಿ ತಾಗಿ ನುಣ್ಣಗಾದ ಕಪ್ಪು ಹೊಳಪು ಕೊಳೆಯಲ್ಲ. ಅದನ್ನು ಕೀಳಬೇಡಿ.

ಎಣ್ಣೆ ಬೇಡ, ಮೇಣ ಸಾಕು

ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡು ದಿನ ಚೆಂದ. ಆಮೇಲೆ ಕಮಟು ವಾಸನೆ, ಅಂಟಂಟು, ಜಾಸ್ತಿ ಧೂಳು. ಬಣ್ಣವಿಲ್ಲದ ಮರಕ್ಕೆ ಜೇನುಮೇಣ ಹಾಕಿ. 50 ಗ್ರಾಂ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಒಲೆ ಪೂರ್ತಿ ಆರಿಸಿ, ಅಡುಗೆಮನೆಯಿಂದ ಹೊರಗೆ ತಂದು, 150 ಮಿಲಿ ಟರ್ಪೆಂಟೈನ್ ಬೆರೆಸಿ. ತಣ್ಣಗಾದ ಮೇಲೆ ಉಗುರಷ್ಟು ತೊಗೊಂಡು ತೆಳ್ಳಗೆ ಸವರಿ. ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿ. ವರ್ಷಕ್ಕೊಮ್ಮೆ ಸಾಕು.

ಬಿರುಕು ಮುಚ್ಚಬೇಡಿ

ಇದನ್ನು ಒತ್ತಿ ಹೇಳಬೇಕು. ಏಪ್ರಿಲ್‌ನ ಒಣ ಬಿಸಿಲಿಗೆ ಮರ ಕುಗ್ಗಿ ಬಿರುಕು ಅಗಲವಾಗುತ್ತದೆ. ಮಳೆಗಾಲದಲ್ಲಿ ತೇವ ಕುಡಿದು ತಾನೇ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಆ ಬಿರುಕಿಗೆ ಎಂ-ಸೀಲ್ ತುಂಬಿದಿರೋ, ಮಳೆ ಬಂದಾಗ ಮರಕ್ಕೆ ಉಬ್ಬಲು ಜಾಗವಿರುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಸೀಳುತ್ತದೆ. ಕಿವಿ ಮುರಿದಿದ್ದರೆ ಚೂರನ್ನು ಜೋಪಾನ ಮಾಡಿ, ಸರೇಸು, ಅಂದರೆ ಪ್ರಾಣಿಯ ಚರ್ಮ-ಮೂಳೆಯಿಂದ ಮಾಡಿದ ಅಂಟು, ಬಳಸುವ ಬಡಗಿಯಿಂದ ಅಂಟಿಸಿ. ತಪ್ಪಾದರೆ ಸರೇಸನ್ನು ಬಿಸಿನೀರಿನ ಬಿಸುಪಿಗೆ ಬಿಡಿಸಬಹುದು. ಫೆವಿಕ್ವಿಕ್ ಹಾಕಿದರೆ ಅದು ಸುಲಭವಿಲ್ಲ.

ಎಲ್ಲಿಡುವುದು

ಬಿಸಿಲು ಬೀಳುವ ಕಿಟಕಿ, ದೇವರ ದೀಪದ ಪಕ್ಕ, ಅಡುಗೆಮನೆ ಗೋಡೆ, ಯಾವುದೂ ಬೇಡ. ದಾವಣಗೆರೆಯಲ್ಲಿ ಬೇಸಿಗೆಗೆ ಮನೆಮನೆಯಲ್ಲೂ ಏರ್ ಕೂಲರ್. ಅದರ ಎದುರಿಗೆ ಇಟ್ಟರೆ ಮರ ದಿನವೂ ಒದ್ದೆಯಾಗಿ ದಿನವೂ ಒಣಗುತ್ತದೆ. ಒಳಗೋಡೆಯ ಗೂಡು ಎಲ್ಲಕ್ಕಿಂತ ಒಳ್ಳೆಯದು.

100 ವರ್ಷ ದಾಟಿದ ಕೆತ್ತನೆ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ವಿದೇಶದಲ್ಲಿರುವ ಮಗನಿಗೆ ಅಂತ ಕಳಿಸುವಂತಿಲ್ಲ.

ಕೊನೆಗೆ ಒಂದು ಚೀಟಿ. ಎಲ್ಲಿಂದ ಬಂತು, ಯಾರ ಮನೆಯದು, ಎಂದು ಒರೆಸಿದಿರಿ, ಬರೆದು ನೂಲಿನಿಂದ ಸಡಿಲವಾಗಿ ಕಟ್ಟಿ. ಮೈಗೆ ಅಂಟಿಸಬೇಡಿ. ನಮ್ಮ ಕುದುರೆಯ ಚೀಟಿ ಬರೆಯಲು ಕೂತರೆ ಅಜ್ಜಿಯ ಊರು ಬಿಟ್ಟು ನನಗೆ ಏನೂ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

“ಅದು ಒಂದಲ್ಲೋ, ಜೋಡಿ ಇತ್ತು” ಅಂದರು. “ಇನ್ನೊಂದು ಹರಿಹರದಾಗೆ ನಿಮ್ಮ ದೊಡ್ಡತ್ತೆ ಮನೇಲಿ ಐತೆ. ಅದರ ಹಳದಿ ಸರ ಇನ್ನೂ ಹಂಗೇ ಐತೆ ನೋಡು.”