ಬೇಲ್ ಸಿಕ್ಕ ರಾತ್ರಿಯೂ ಮಾತ್ರೆ ತಪ್ಪದ ಹಾಗೆ

ಜೈಲಿನಲ್ಲಿ ಎಚ್‌ಐವಿ ಪರೀಕ್ಷೆಗೆ ಒಪ್ಪಿಸುವ ಪಾಡು ನಮ್ಮ ಕೌನ್ಸೆಲರ್‌ಗಳಿಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ನನ್ನ ತಲೆ ತಿಂದದ್ದು ಬೇಲ್. ವಿಚಾರಣಾಧೀನ ಕೈದಿಯ ಬಿಡುಗಡೆ ಆದೇಶ ಗೇಟಿಗೆ ಬರುವುದೇ ಸಂಜೆ. ಆ ಹೊತ್ತಿಗೆ ನಮ್ಮ ಕೋಣೆಗೆ ಬೀಗ, ನಾನು ಬಸ್ಸಿನಲ್ಲಿ. ಸೋಂಕಿರುವ ಹುಡುಗ ದಿನಾ ನುಂಗಬೇಕಾದ ಎಚ್‌ಐವಿ ಮಾತ್ರೆಯಿಲ್ಲದೆ ಹೋಗಿಬಿಡುತ್ತಾನೆ. ಮತ್ತೆ ಸಿಗುವುದು ಇನ್ನೊಂದು ಕೇಸಿನಲ್ಲಿ ಒಳಗೆ ಬಂದಾಗ, ತೂಕ ಇಳಿದು, ಟಿಬಿ ಹತ್ತಿಸಿಕೊಂಡು.

ಮೊದಲು ಫೋನ್ ನಂಬರ್ ಬರೆದುಕೊಂಡೆವು. ಅರ್ಧಕ್ಕರ್ಧ ಸ್ವಿಚ್ ಆಫ್. ಮನೆಗೇ ಹೋಗೋಣವೆಂದರೆ 2017ರ ಎಚ್‌ಐವಿ ಕಾಯ್ದೆ ಇದೆ, ಅವನು ಒಪ್ಪದೆ ಮನೆಯವರಿಗೆ ಹೇಳುವಂತಿಲ್ಲ. ಒಂದು ತಿಂಗಳ ಟಿಎಲ್‌ಡಿ, ಅಂದರೆ ಮೂರು ಔಷಧಿ ಸೇರಿದ ಎಚ್‌ಐವಿ ಮಾತ್ರೆ, ಒಳಗಿರುವಾಗಲೇ ಕೈಗೇ ಕೊಟ್ಟು ನೋಡಿದೆವು. ಬ್ಯಾರಕ್ ತಪಾಸಣೆಯಲ್ಲಿ ಡಬ್ಬಿ ಸಿಕ್ಕಿ ದೊಡ್ಡ ರಂಪ.

ಆಮೇಲೆ ಹೊಳೆದದ್ದು ಸಾಮಾನು ಕೊಠಡಿ. ಜಮಾ ಮಾಡಿದ ಪರ್ಸು, ವಾಚು, ಬೆಲ್ಟು ವಾಪಸ್ ತಗೊಳ್ಳದೆ ಯಾರೂ ಆಚೆ ಕಾಲಿಡಲ್ಲ ಅಲ್ವಾ? ಅದರ ಜೊತೆಗೇ ಒಂದು ಕವರ್ ಇಡಿಸಿದೆ. ಒಳಗೆ ಒಂದು ತಿಂಗಳ ಮಾತ್ರೆ, ಚಿಕಿತ್ಸೆಯ ವರ್ಗಾವಣೆ ಚೀಟಿ, ಅವನ ಊರಿಗೆ ಹತ್ತಿರದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದ ವಿಳಾಸ. ಚಿಕಿತ್ಸೆ ಶುರುವಾದ ದಿನವೇ ಅವನೆದುರು ಅಂಟಿಸಿ, ಸಹಿ ಹಾಕಿಸಿಕೊಳ್ಳುವುದು. "ಗೇಟಲ್ಲೇ ಒಡೆದು ನೋಡ್ತಾರೆ ಮೇಡಂ, ಇಲ್ಲಾ ಅವನೇ ಚರಂಡಿಗೆ ಎಸೀತಾನೆ" ಎಂದು ಲ್ಯಾಬ್ ಟೆಕ್ನಿಷಿಯನ್ ನಕ್ಕರು. ಇಲ್ಲಿಯವರೆಗೆ ಗೇಟಲ್ಲಿ ಒಂದನ್ನೂ ಯಾರೂ ಒಡೆದಿಲ್ಲ. ಕವರ್ ಮೇಲೆ ಏನು ಬರೆಯುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ. ಹೇಳಿದರೆ ಅದರ ಕೆಲಸ ಮುಗಿಯಿತು.

ಕವರ್, ಜೆರಾಕ್ಸ್ ಎಲ್ಲ ಸೇರಿ ತಲೆಗೆ ಹತ್ತು ರೂಪಾಯಿಯೂ ಬೀಳಲ್ಲ. ಮಾತ್ರೆ ಹೇಗೂ ಸರ್ಕಾರದ್ದು. ಆದರೆ ಎಕ್ಸ್‌ಪೈರಿ ನೋಡಿ ಬದಲಾಯಿಸುತ್ತಿರಬೇಕು, ಸ್ಟಾಕ್ ಲೆಕ್ಕ ಹೊಂದಿಸಬೇಕು. ಫಾರ್ಮಸಿಸ್ಟ್ ಜೊತೆ ಆ ಜಗಳ ಇನ್ನೂ ಇದೆ. ಬಸ್ ಚಾರ್ಜಿಗೆ ಅಂತ ಕವರಿನಲ್ಲಿ ಇನ್ನೂರು ರೂಪಾಯಿ ಇಟ್ಟೂ ನೋಡಿದೆ, ಸ್ವಂತ ದುಡ್ಡು. ನಾಲ್ಕೈದು ಸಾವಿರ ಕರಗಿತು, ಕೇಂದ್ರಕ್ಕೆ ಒಬ್ಬನೂ ಜಾಸ್ತಿ ಬರಲಿಲ್ಲ. ಅದೇ ದುಡ್ಡನ್ನು ಕೇಂದ್ರದಲ್ಲಿ ಇಟ್ಟು, ಬಂದವರಿಗೆ ಕೊಡಿಸಿದೆ. ಆಗ ಬಂದರು. ಮೊದಲು ಹತ್ತರಲ್ಲಿ ಇಬ್ಬರೋ ಮೂವರೋ ಕೇಂದ್ರ ಮುಟ್ಟುತ್ತಿದ್ದರು, ಈಗ ಏಳರ ಹತ್ತಿರ.

ಟ್ಯಾಪೆಂಟಾಡಾಲ್ ಎಂಬ ನೋವಿನ ಮಾತ್ರೆಯನ್ನು ನಶೆಗಾಗಿ ಪುಡಿ ಮಾಡಿ ಚುಚ್ಚಿಕೊಳ್ಳುತ್ತಿದ್ದ ಹುಡುಗರ ಲೆಕ್ಕ ಬೇರೆ. ಅವರಲ್ಲಿ ಅರ್ಧದಷ್ಟು ಜನ ಕೇಂದ್ರಕ್ಕೆ ಬಂದರೆ ಹೆಚ್ಚು. ಹೊರಬಂದ ಮೊದಲ ಎರಡು ವಾರ ಅವರ ಜೀವಕ್ಕೇ ಗಂಡಾಂತರ. ಒಳಗಿದ್ದಾಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ, ಹಳೆ ಡೋಸ್ ಹಾಕಿಕೊಂಡರೆ ಉಸಿರೇ ನಿಲ್ಲಬಹುದು. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಬ್ಯುಪ್ರೆನಾರ್ಫಿನ್, ಅಂದರೆ ಚುಚ್ಚಿಕೊಳ್ಳುವ ನಶೆಯ ಬದಲಿಗೆ ಡಾಕ್ಟರರು ಕೊಡುವ ಮಾತ್ರೆ, ಶುರು ಮಾಡಿದ್ದರು. ನಾನಿರುವ ಜೈಲಿಗೆ ಅದು ಬಂದಿಲ್ಲ. ಹಾಗಾಗಿ ಇವರ ಕವರಿಗೆ ಇನ್ನೊಂದು ಚೀಟಿ: ಸಿರಿಂಜ್ ಹಂಚಿಕೊಳ್ಳಬೇಡ, ಹಳೆ ಅಳತೆ ಬೇಡ, ಒಬ್ಬನೇ ಇದ್ದಾಗ ಬೇಡ. "ಚುಚ್ಚಿಕೊಳ್ಳೋಕೆ ನೀವೇ ಹೇಳಿಕೊಡ್ತೀರೇನ್ರೀ?" ಎಂದು ಡಾಕ್ಟರೊಬ್ಬರು ರೇಗಿದರು. ಸೋಂಕಿನ ಅಪಾಯ ತಗ್ಗಿಸುವ ಕೆಲಸ ಅಪರಾಧವಲ್ಲ ಎನ್ನುವ ಕಾಯ್ದೆಯ 22ನೇ ಕಲಂ ತೆಗೆದು ಮುಂದಿಟ್ಟೆ. ಓದಿ, ಅಕ್ಷರ ಸ್ವಲ್ಪ ದೊಡ್ಡದು ಮಾಡ್ಸಿ ಅಂದರು.